ಚಂದ್ರಾ ಎಕ್ಸ್‌ರೇ ಟೆಲಿಸ್ಕೋಪ್, ಅದನ್ನ ಮೇಲೆ ತಗೊಂಡು ಹೋದ ಐದು ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಬಲ್ ಎಲ್ರಿಗೂ ಗೊತ್ತು, ಈಗ ಜೇಮ್ಸ್ ವೆಬ್ ಕೂಡ ಗೊತ್ತು. ಇವೆರಡರ ಮಧ್ಯೆ ಚಂದ್ರಾ ಅಂತ ಒಂದಿದೆ, ಅದು ಇಪ್ಪತ್ತೈದು ವರ್ಷ ದಾಟಿದ್ರೂ ಇನ್ನೂ ಕೆಲಸ ಮಾಡ್ತಿದೆ, ಅದನ್ನ ಮನುಷ್ಯರೇ ಜೊತೆಗೆ ಹೋಗಿ ಬಿಟ್ಟು ಬಂದ್ರು, ಹೋಗ್ತಾ ದಾರಿಯಲ್ಲಿ ದೊಡ್ಡ ಅನಾಹುತ ಸ್ವಲ್ಪದರಲ್ಲಿ ತಪ್ಪಿತು ಅನ್ನೋದು ಮಾತ್ರ ಕನ್ನಡದಲ್ಲಿ ಎಲ್ಲೂ ಸರಿಯಾಗಿ ಓದೋಕೆ ಸಿಗಲ್ಲ. ಅದಕ್ಕೆ ಜನ ಸಾಮಾನ್ಯವಾಗಿ ಕೇಳೋ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಸೇರಿಸಿ ಉತ್ತರ ಬರೆದಿದೀನಿ. ಕೆಲವು ಉತ್ತರ ಉದ್ದ ಆಗಿದೆ, ವಿಷಯ ಹಾಗಿದೆ.

ಇದು ಚಂದ್ರಯಾನಕ್ಕೆ ಸಂಬಂಧಪಟ್ಟಿದ್ದಾ?

ಇಲ್ಲ. ಚಂದ್ರಯಾನ ಇಸ್ರೋದ್ದು, ಚಂದ್ರನ ಹತ್ರ ಹೋಗಿದ್ದು. ಇದು ನಾಸಾದ ಬಾಹ್ಯಾಕಾಶ ಟೆಲಿಸ್ಕೋಪ್, ಭೂಮಿ ಸುತ್ತ ಸುತ್ತುತ್ತಾ ನಕ್ಷತ್ರ, ಬ್ಲ್ಯಾಕ್ ಹೋಲ್, ಗ್ಯಾಲಕ್ಸಿಗಳಿಂದ ಬರೋ ಎಕ್ಸ್‌ರೇ ನೋಡುತ್ತೆ. ಹೆಸರು ಬಂದಿದ್ದು ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಂದ.

ಯಾವಾಗ ಹೋಯ್ತು, ಯಾರ್ಯಾರು ಹೋದ್ರು?

1999 ಜುಲೈ 23, ಫ್ಲೋರಿಡಾದ ಕೆನಡಿ ಸ್ಪೇಸ್ ಸೆಂಟರ್‌ನಿಂದ, ಅಲ್ಲಿಯ ಟೈಮಲ್ಲಿ ಮಧ್ಯರಾತ್ರಿ ದಾಟಿ 12:31ಕ್ಕೆ. ನಮ್ಮಲ್ಲಿ ಆಗ ಬೆಳಿಗ್ಗೆ 10 ಗಂಟೆ. ಕಾರ್ಗಿಲ್ ಯುದ್ಧದ ಕೊನೇ ದಿನಗಳವು, ಹಾಗಾಗಿ ನಮ್ಮ ಕಡೆ ಈ ಸುದ್ದಿಗೆ ಎಷ್ಟು ಜಾಗ ಸಿಗಬೇಕಿತ್ತೋ ಅಷ್ಟು ಸಿಗದೇ ಇದ್ದಿದ್ರಲ್ಲಿ ಆಶ್ಚರ್ಯ ಇಲ್ಲ.

ಹೊತ್ತುಕೊಂಡು ಹೋಗಿದ್ದು ಕೊಲಂಬಿಯಾ ಅನ್ನೋ ಸ್ಪೇಸ್ ಶಟಲ್ (ರಾಕೆಟ್ ಥರ ಮೇಲೆ ಹೋಗಿ ವಿಮಾನದ ಥರ ವಾಪಸ್ ಇಳಿಯೋ ವಾಹನ), ಮಿಷನ್ ಹೆಸರು ಎಸ್‌ಟಿಎಸ್-93. ಕಮಾಂಡರ್ ಐಲೀನ್ ಕಾಲಿನ್ಸ್. ಒಂದು ಶಟಲ್ ಮಿಷನ್ನಿಗೆ ಹೆಣ್ಣುಮಗಳೊಬ್ಬರು ಕಮಾಂಡರ್ ಆಗಿದ್ದು ಅದೇ ಮೊದಲು. ಪೈಲಟ್ ಜೆಫ್ ಆಶ್ಬಿ, ಅವರಿಗೆ ಅದು ಮೊದಲನೇ ಬಾಹ್ಯಾಕಾಶ ಪ್ರಯಾಣ. ಸ್ಟೀವನ್ ಹಾಲಿ, ಕ್ಯಾಡಿ ಕೋಲ್ಮನ್, ಫ್ರಾನ್ಸಿನ ಮಿಶೆಲ್ ತೊನ್ಯೀನಿ ಮಿಕ್ಕ ಮೂರು ಜನ.

ಇದ್ರಲ್ಲಿ ಹಾಲಿ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು, 1990ರಲ್ಲಿ ಡಿಸ್ಕವರಿ ಶಟಲ್ ಹಬಲ್ ಟೆಲಿಸ್ಕೋಪನ್ನ ಮೇಲೆ ತಗೊಂಡು ಹೋದಾಗ ರೋಬೋಟ್ ತೋಳಿಂದ ಅದನ್ನ ಎತ್ತಿ ಹೊರಗೆ ಬಿಟ್ಟವರೂ ಇವರೇ. ಹಬಲ್ ಬಿಡುವಾಗಲೂ ಇದ್ರು, 1997ರಲ್ಲಿ ಹಬಲ್ ಸರ್ವಿಸ್ ಮಾಡೋಕೆ ಹೋದಾಗಲೂ ಇದ್ರು, ಚಂದ್ರಾ ಬಿಡುವಾಗಲೂ ಇದ್ರು. ಅವರು ಸ್ವತಃ ಖಗೋಳ ವಿಜ್ಞಾನಿ. ಇಂಥ ಭಾಗ್ಯ ಇನ್ನೊಬ್ಬ ಖಗೋಳ ವಿಜ್ಞಾನಿಗೆ ಸಿಗೋದು ಕಷ್ಟ.

ಚಂದ್ರಶೇಖರ್ ಹೆಸರೇ ಯಾಕೆ? ಅವರಿಗೂ ಕರ್ನಾಟಕಕ್ಕೂ ಏನಾದ್ರೂ ನಂಟಿದೆಯಾ?

ಕಟ್ಟುವಾಗ ಈ ಟೆಲಿಸ್ಕೋಪಿಗೆ ಎಎಕ್ಸ್ಎಎಫ್ ಅಂತ ನಾಲ್ಕು ಅಕ್ಷರದ ಹೆಸರಿತ್ತು. 1998ರಲ್ಲಿ ನಾಸಾ ಹೆಸರಿಡೋ ಸ್ಪರ್ಧೆ ಮಾಡ್ತು, 61 ದೇಶಗಳಿಂದ ಸುಮಾರು 6000 ಎಂಟ್ರಿ ಬಂತು, ಅದರಲ್ಲಿ ಐಡಹೋ ರಾಜ್ಯದ ಒಬ್ಬ ಶಾಲಾ ಹುಡುಗ ಮತ್ತೆ ಕ್ಯಾಲಿಫೋರ್ನಿಯಾದ ಒಬ್ಬ ಟೀಚರ್ ಕಳಿಸಿದ ಹೆಸರು ಗೆದ್ದಿತು. ಚಂದ್ರಾ ಅನ್ನೋದು ಶಿಕಾಗೋ ಯೂನಿವರ್ಸಿಟಿಯಲ್ಲಿ ಸಹೋದ್ಯೋಗಿಗಳು ಅವರನ್ನ ಕರೀತಿದ್ದ ಹೆಸರು.

ಅವರು ಹುಟ್ಟಿದ್ದು 1910ರಲ್ಲಿ ಲಾಹೋರಿನಲ್ಲಿ, ಓದಿದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ, ತಮಿಳು ಮನೆತನ. 1930ರಲ್ಲಿ ಇಂಗ್ಲೆಂಡಿಗೆ ಹಡಗಲ್ಲಿ ಹೋಗ್ತಾ ಲೆಕ್ಕ ಹಾಕ್ತಾ ಕೂತವರು ಆಗಿನ್ನೂ ಹತ್ತೊಂಬತ್ತರ ಹುಡುಗ. ಇಂಧನ ಮುಗಿದ ನಕ್ಷತ್ರ ಶ್ವೇತ ಕುಬ್ಜ (ಕುಗ್ಗಿ ಗಟ್ಟಿಯಾದ ಚಿಕ್ಕ ನಕ್ಷತ್ರ) ಆಗಿ ಉಳೀಬೇಕು ಅಂದ್ರೆ ಅದರ ತೂಕಕ್ಕೆ ಒಂದು ಮಿತಿ ಇದೆ, ಸೂರ್ಯನ ಸುಮಾರು 1.4 ಪಟ್ಟು, ಅದು ಮೀರಿದ್ರೆ ಅಲ್ಲಿಗೇ ನಿಲ್ಲದೆ ಇನ್ನೂ ಕುಸಿಯುತ್ತೆ ಅನ್ನೋ ದೊಡ್ಡ ಮಾತು ಆ ಲೆಕ್ಕದಿಂದಲೇ ಹುಟ್ಟಿದ್ದು. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಎಡಿಂಗ್ಟನ್ ಅಂಥ ದೊಡ್ಡ ವಿಜ್ಞಾನಿ ಎಲ್ಲರೆದುರು ಅದನ್ನ ತಳ್ಳಿಹಾಕಿದ್ರು. ನೊಬೆಲ್ ಬರೋಕೆ 1983 ಆಗಬೇಕಾಯ್ತು. 1995ರಲ್ಲಿ ತೀರಿಕೊಂಡ್ರು, ತಮ್ಮ ಹೆಸರಿನ ಟೆಲಿಸ್ಕೋಪ್ ಹಾರಿದ್ದನ್ನ ನೋಡಲಿಲ್ಲ. ಆದ್ರೆ ಕುಸಿದುಹೋದ ನಕ್ಷತ್ರಗಳನ್ನ ನೋಡೋಕೆ ಎಕ್ಸ್‌ರೇಗಿಂತ ಒಳ್ಳೆ ದಾರಿ ಕಡಿಮೆ, ಹಾಗಾಗಿ ಈ ಹೆಸರು ಬರೀ ಗೌರವಕ್ಕೆ ಇಟ್ಟಿದ್ದಲ್ಲ, ಕೆಲಸಕ್ಕೇ ಹೊಂದುತ್ತೆ.

ಕರ್ನಾಟಕದ ನಂಟು ಅಂದ್ರೆ ಸರ್ ಸಿ.ವಿ. ರಾಮನ್ ಇವರ ಚಿಕ್ಕಪ್ಪ. ರಾಮನ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಈಗಿನ ಐಐಎಸ್‌ಸಿಗೆ ಬಂದ್ರು, ಆಮೇಲೆ ಇಲ್ಲೇ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದ್ರು. ಆ ಸಂಸ್ಥೆ ಈಗ ಎಕ್ಸ್‌ರೇ ಖಗೋಳ ಉಪಕರಣ ತಾನೇ ಕಟ್ಟುತ್ತೆ, ಅದರ ವಿಷಯ ಕೆಳಗೆ ಬರುತ್ತೆ.

ಎಕ್ಸ್‌ರೇ ನೋಡೋಕೆ ಮೇಲಕ್ಕೇ ಯಾಕೆ ಹೋಗ್ಬೇಕು? ಬೆಟ್ಟದ ಮೇಲೆ ಇಟ್ರೆ ಆಗಲ್ವಾ?

ಆಗಲ್ಲ. ಲಡಾಖ್‌ನ ಹಾನ್ಲೆಯಲ್ಲೋ ಹವಾಯಿಯಲ್ಲೋ ಎಷ್ಟೇ ಎತ್ತರದ ಬೆಟ್ಟ ಹುಡುಕಿದ್ರೂ ಒಂದೇ, ಆಕಾಶದಿಂದ ಬರೋ ಎಕ್ಸ್‌ರೇನ ನಮ್ಮ ವಾತಾವರಣ ಪೂರ್ತಿ ತಡೆದುಬಿಡುತ್ತೆ. ನಾವು ಬದುಕಿರೋದೇ ಅದರಿಂದ, ಆದ್ರೆ ಖಗೋಳ ವಿಜ್ಞಾನಿಗಳಿಗೆ ಅದೇ ಅಡ್ಡ. 1962ರಲ್ಲಿ ರಿಕಾರ್ಡೋ ಜಕೋನಿ ಮತ್ತವರ ತಂಡ ಒಂದು ಚಿಕ್ಕ ರಾಕೆಟ್ಟಲ್ಲಿ ಉಪಕರಣ ಇಟ್ಟು ಕೆಲವೇ ನಿಮಿಷ ಮೇಲೆ ಕಳಿಸಿದಾಗ ಸೌರಮಂಡಲದ ಆಚೆಯಿಂದ ಬರೋ ಎಕ್ಸ್‌ರೇ ಮೊದಲ ಸಲ ಸಿಕ್ತು, ವೃಶ್ಚಿಕ ರಾಶಿ ದಿಕ್ಕಲ್ಲಿ. ಅದೇ ಜಕೋನಿ 1976ರಲ್ಲಿ ಹಾರ್ವಿ ಟನನ್‌ಬಾಮ್ ಜೊತೆ ಸೇರಿ ಇಂಥ ದೊಡ್ಡ ಟೆಲಿಸ್ಕೋಪ್ ಬೇಕು ಅಂತ ನಾಸಾಗೆ ಪ್ರಸ್ತಾವ ಕೊಟ್ಟಿದ್ದು. ಕೊಟ್ಟಿದ್ದು 76ರಲ್ಲಿ, ಹಾರಿದ್ದು 99ರಲ್ಲಿ. ಒಂದು ಐಡಿಯಾಗೆ ಇಪ್ಪತ್ತಮೂರು ವರ್ಷ ಅಂಟಿಕೊಂಡು ಕೂರೋಕೆ ಎಂಥ ತಾಳ್ಮೆ ಬೇಕು ಯೋಚನೆ ಮಾಡಿ. 2002ರಲ್ಲಿ ಜಕೋನಿಗೆ ನೊಬೆಲ್ ಬಂತು.

ಮಾಮೂಲಿ ಟೆಲಿಸ್ಕೋಪಿಗೂ ಇದಕ್ಕೂ ಏನು ವ್ಯತ್ಯಾಸ?

ಕನ್ನಡಿ. ಮಾಮೂಲಿ ಕನ್ನಡಿಗೆ ಎಕ್ಸ್‌ರೇ ನೇರವಾಗಿ ಬಿದ್ರೆ ವಾಪಸ್ ಬರಲ್ಲ, ಒಳಗೆ ನುಗ್ಗಿಬಿಡುತ್ತೆ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲನ್ನ ತೀರಾ ಓರೆಯಾಗಿ ಎಸೆದ್ರೆ ಮುಳುಗದೇ ಪುಟಿದು ಪುಟಿದು ಹೋಗುತ್ತಲ್ಲ, ಎಕ್ಸ್‌ರೇನೂ ಹಾಗೇ ಸವರಿಕೊಂಡು ಹೋಗೋ ಹಾಗೆ ಬಿದ್ರೆ ಮಾತ್ರ ತಿರುಗುತ್ತೆ. ಅದಕ್ಕೆ ಚಂದ್ರಾದ ಕನ್ನಡಿಗಳು ತಟ್ಟೆ ಆಕಾರದಲ್ಲಿಲ್ಲ, ಎರಡೂ ಕಡೆ ತೆರೆದ ದೊಡ್ಡ ಕೊಳವೆಗಳ ಥರ ಇವೆ. ಅಂಥ ನಾಲ್ಕು ಜೋಡಿ, ಒಂದರೊಳಗೊಂದು ಕೂರಿಸಿದ್ದು, ಅತೀ ದೊಡ್ಡದರ ವ್ಯಾಸ 1.2 ಮೀಟರ್, ಗಾಜಿನ ಮೇಲೆ ಇರಿಡಿಯಂ ಲೋಹದ ತೆಳ್ಳನೆ ಲೇಪ. ಒಳಗೆ ಬಂದ ಎಕ್ಸ್‌ರೇ ಎರಡು ಸಲ ಸವರಿಕೊಂಡು ತಿರುಗಿ 10 ಮೀಟರ್ ಹಿಂದೆ ಇರೋ ಕ್ಯಾಮೆರಾದಲ್ಲಿ ಸೇರುತ್ತೆ. ಟೆಲಿಸ್ಕೋಪ್ ಅಷ್ಟುದ್ದ ಇರೋದು ಅದಕ್ಕೇ, 13.8 ಮೀಟರ್.

ಕನ್ನಡಿ ನುಣುಪು ಹೇಗಿರಬೇಕು ಅಂದ್ರೆ ಏರುಪೇರು ಕೆಲವೇ ಅಣುಗಳ ಲೆಕ್ಕದಲ್ಲಿರಬೇಕು. ಇದನ್ನ ಪಾಲಿಶ್ ಮಾಡಿದ್ದು ಅಮೆರಿಕದ ಡ್ಯಾನ್‌ಬರಿ ಊರಲ್ಲಿ, ಹಬಲ್ಲಿನ ದೊಡ್ಡ ಕನ್ನಡಿ ಮಾಡಿದ್ದೂ ಅಲ್ಲೇ, ಆಮೇಲೆ ಕಂಪನಿ ಕೈಬದಲಾಗಿತ್ತು ಅಷ್ಟೆ. ಹಬಲ್ ಕನ್ನಡಿಯ ಅಂಚು 2.2 ಮೈಕ್ರಾನ್‌ನಷ್ಟು ಜಾಸ್ತಿ ಚಪ್ಪಟೆ ಆಗಿತ್ತು ಅಂತ ಗೊತ್ತಾಗಿದ್ದು ಅದು ಮೇಲೆ ಹೋದ್ಮೇಲೆ, ಆ ಕಥೆ ಎಲ್ರಿಗೂ ಗೊತ್ತಿರೋದೇ. ಚಂದ್ರಾ ವಿಷಯದಲ್ಲಿ ಹಾಗಾಗೋದು ಬೇಡ ಅಂತ ಕನ್ನಡಿಗಳನ್ನ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿರೋ ಮಾರ್ಷಲ್ ಸೆಂಟರಿಗೆ ತಂದು, ಸುಮಾರು ಅರ್ಧ ಕಿಲೋಮೀಟರ್ ಉದ್ದದ ಗಾಳಿ ತೆಗೆದ ಕೊಳವೆಯ ಆ ತುದಿಯಿಂದ ನಿಜವಾದ ಎಕ್ಸ್‌ರೇ ಬಿಟ್ಟು ಟೆಸ್ಟ್ ಮಾಡಿದ್ರು. ಅಷ್ಟು ಮಾಡಲೇಬೇಕಿತ್ತು, ಯಾಕೆ ಅಂತ ಮುಂದಿನ ಪ್ರಶ್ನೆ ಓದಿ.

ಹಬಲ್ ರಿಪೇರಿ ಮಾಡಿದ ಹಾಗೆ ಇದನ್ನೂ ರಿಪೇರಿ ಮಾಡಬಹುದಾ?

ಇಲ್ಲ. ಹಬಲ್ ಇದ್ದಿದ್ದು ಸುಮಾರು 600 ಕಿಲೋಮೀಟರ್ ಮೇಲೆ, ಶಟಲ್ ಅಲ್ಲಿಗೆ ಹೋಗಿ ಹಿಡಿದು ರಿಪೇರಿ ಮಾಡಿ ಬಿಡಬಹುದಿತ್ತು, 1993ರಿಂದ 2009ರವರೆಗೆ ಐದು ಸಲ ಹೋದ್ರು. ಚಂದ್ರಾ ಸುತ್ತೋ ದಾರಿ ಉದ್ದನೆ ಮೊಟ್ಟೆ ಆಕಾರದ್ದು, ಭೂಮಿಗೆ ಹತ್ರ ಬಂದಾಗ ಸುಮಾರು 10,000 ಕಿಲೋಮೀಟರ್, ದೂರ ಹೋದಾಗ ಸುಮಾರು 1,40,000 ಕಿಲೋಮೀಟರ್, ಅಂದ್ರೆ ಚಂದ್ರನ ದೂರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಒಂದು ಸುತ್ತಿಗೆ 64 ಗಂಟೆ.

ಮೊದಲು ಇದಕ್ಕೂ ಹಬಲ್ ಥರ ಕೆಳಗಿನ ದಾರಿ, ರಿಪೇರಿ ಎಲ್ಲ ಪ್ಲಾನ್ ಇತ್ತು. 1992ರಲ್ಲಿ ದುಡ್ಡು ಉಳಿಸೋಕೆ ಅಂತ ಡಿಸೈನ್ ಬದಲಾಯಿಸಿದ್ರು, ಆರು ಜೋಡಿ ಕನ್ನಡಿ ಇದ್ದಿದ್ದು ನಾಲ್ಕಾಯ್ತು, ಉಪಕರಣಗಳು ಕಡಿಮೆ ಆದವು, ರಿಪೇರಿ ಅನ್ನೋದೇ ಕೈಬಿಟ್ಟು ಎತ್ತರದ ದಾರಿಗೆ ಹಾಕೋದು ಅಂತ ತೀರ್ಮಾನ ಆಯ್ತು. ಕಳ್ಕೊಂಡಿದ್ದು ನಿಜ, ಆದ್ರೆ ನನ್ನ ಅಭಿಪ್ರಾಯದಲ್ಲಿ ಗಳಿಸಿದ್ದೇ ಜಾಸ್ತಿ. ಅಷ್ಟು ದೂರ ಹೋದಾಗ ಭೂಮಿ ಅಡ್ಡ ಬರಲ್ಲ, ಭೂಮಿ ಸುತ್ತ ಇರೋ ವಿಕಿರಣ ಪಟ್ಟಿಗಳ (ವೇಗದ ಕಣಗಳು ತುಂಬಿರೋ ಜಾಗ) ಹೊರಗೇ ಬಹುಪಾಲು ಸಮಯ ಕಳೆಯುತ್ತೆ, ಮೊದಲೆಲ್ಲ ಒಂದೇ ಜಾಗವನ್ನ ಎರಡು ದಿನಕ್ಕೂ ಮೇಲೆ ಎಡೆಬಿಡದೆ ನೋಡಬಹುದಿತ್ತು. ಹಬಲ್ ಒಂದೂವರೆ ಗಂಟೆಗೊಂದು ಸುತ್ತು ಬರೋದ್ರಿಂದ ಅರ್ಧ ಸಮಯ ಭೂಮಿಯೇ ಅಡ್ಡ ಇರುತ್ತೆ.

ಆದ್ರೆ ಇದರ ಅರ್ಥ ಏನು ಅಂದ್ರೆ, ಶಟಲ್ಲಿಂದ ಬಿಟ್ಟ ಮೇಲೆ ಇದನ್ನ ಇನ್ಯಾವ ಮನುಷ್ಯನೂ ಮುಟ್ಟೋಕಾಗಲ್ಲ, ಎಲ್ಲಾ ಒಂದೇ ಸಲಕ್ಕೆ ಸರಿಯಾಗಬೇಕು. ಈ ಮಿಷನ್ನಿನ ಬಗ್ಗೆ ನಾನು ಬರೆಯೋ ಎಲ್ಲದರ ಹಿಂದೆ ಈ ಒಂದು ಮಾತಿದೆ.

ಶಟಲ್ 280 ಕಿಲೋಮೀಟರ್ ಮೇಲೆ ಮಾತ್ರ ಹೋಗಿತ್ತಂತೆ, ಹಾಗಾದ್ರೆ ಚಂದ್ರಾ 1,40,000 ಕಿಲೋಮೀಟರಿಗೆ ಹೇಗೆ ಹೋಯ್ತು?

ಚಂದ್ರಾದ ಬುಡಕ್ಕೆ ಇನ್ನೊಂದು ರಾಕೆಟ್ ಕಟ್ಟಿದ್ರು, ಐಯುಎಸ್ ಅಂತ, ಬೋಯಿಂಗ್ ಮಾಡಿದ್ದು, ಘನ ಇಂಧನದ ಎರಡು ಹಂತದ್ದು. ಇವೆರಡೂ ಸೇರಿ 17 ಮೀಟರಿಗೂ ಉದ್ದ, ಶಟಲ್‌ನ ಸರಕಿನ ಜಾಗ ಇರೋದೇ 18 ಮೀಟರ್ ಚಿಲ್ಲರೆ. ಎಲ್ಲ ಸೇರಿ 22,700 ಕಿಲೋ ಮೇಲೆ, ಶಟಲ್‌ಗಳು ಹೊತ್ತ ಸರಕಿನಲ್ಲೆಲ್ಲಾ ಭಾರದ್ದು ಇದೇ. ಅದರಲ್ಲಿ ಟೆಲಿಸ್ಕೋಪಿನ ತೂಕ ಐದು ಟನ್ನಿನ ಹತ್ತಿರ ಅಷ್ಟೆ, ಮಿಕ್ಕಿದ್ದೆಲ್ಲ ಅದನ್ನ ತಳ್ಳೋ ರಾಕೆಟ್ಟು ಮತ್ತದರ ಸಾಮಾನು.

ಹೊರಗೆ ಬಿಟ್ಟಿದ್ದು ಹೇಗೆ ಅಂದ್ರೆ, ರೋಬೋಟ್ ತೋಳಿಂದ ಅಲ್ಲ. ಅದು ಕೂತಿದ್ದ ಮೇಜಿನಂಥ ಚೌಕಟ್ಟನ್ನ ಮೊದಲು 29 ಡಿಗ್ರಿ ಎತ್ತಿದ್ರು, ಎಲ್ಲ ಚೆಕ್ ಮಾಡಿದ್ರು, ಶಟಲ್ಲಿಂದ ಕರೆಂಟ್ ಕೊಡ್ತಿದ್ದ ಕೇಬಲ್ ಬಿಡಿಸಿದ್ರು, ಆಮೇಲೆ 58 ಡಿಗ್ರಿಗೆ ಎತ್ತಿ ಸ್ಪ್ರಿಂಗ್‌ಗಳಿಂದ ಮೆಲ್ಲಗೆ ಆಚೆ ತಳ್ಳಿದ್ರು. ಇದರ ಜವಾಬ್ದಾರಿ ಇದ್ದಿದ್ದು ಕ್ಯಾಡಿ ಕೋಲ್ಮನ್ ಮೇಲೆ, ಜೊತೆಗೆ ತೊನ್ಯೀನಿ. ಹಾರಿದ ಏಳು ಗಂಟೆ ಚಿಲ್ಲರೆಗೆ ಚಂದ್ರಾ ಹೊರಗಿತ್ತು. ಕಾಲಿನ್ಸ್ ಶಟಲ್ಲನ್ನ ದೂರ ತಗೊಂಡು ಹೋದ್ರು, ಒಂದು ಗಂಟೆ ಆದ್ಮೇಲೆ ಐಯುಎಸ್ ಹೊತ್ತಿಕೊಳ್ತು, ಎರಡೂ ಹಂತ ಸೇರಿ ಉರಿದಿದ್ದು ಬರೀ ನಾಲ್ಕು ನಿಮಿಷದಷ್ಟು. ಆಮೇಲೆ ಚಂದ್ರಾ ತನ್ನದೇ ಚಿಕ್ಕ ಇಂಜಿನ್ನುಗಳಿಂದ ಎರಡು ವಾರದಲ್ಲಿ ಹಂತ ಹಂತವಾಗಿ ಈಗಿನ ದಾರಿಗೆ ಏರಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ಐಯುಎಸ್, ಟೈಟಾನ್ ರಾಕೆಟ್ ಮೇಲೆ ಹೋಗಿದ್ದು, ಎರಡು ಹಂತ ಸರಿಯಾಗಿ ಬೇರೆ ಆಗದೇ ಒಂದು ಮಿಲಿಟರಿ ಉಪಗ್ರಹ ಹಾಳಾಗಿತ್ತು. ಆ ತನಿಖೆ ಮುಗಿಯೋತನಕ ಚಂದ್ರಾ ಕಾಯಬೇಕಾಯ್ತು. ಹಾಗಾಗಿ ಆ ನಾಲ್ಕು ನಿಮಿಷ ಎಲ್ಲರೂ ಹೇಗೆ ಕೂತಿದ್ದಿರಬಹುದು ಅಂತ ನೀವೇ ಊಹಿಸಿ.

ಅನಾಹುತ ತಪ್ಪಿತು ಅಂದ್ರಲ್ಲ, ಏನಾಯ್ತು?

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೆಟ್ಟಲ್ಲಿ ಅರ್ಧಂಬರ್ಧ ಬರೆದಿರ್ತಾರೆ.

ಮೊದಲನೇ ಪ್ರಯತ್ನ ಜುಲೈ 20ಕ್ಕೆ, ಮನುಷ್ಯ ಚಂದ್ರನ ಮೇಲೆ ಇಳಿದು ಸರಿಯಾಗಿ 30 ವರ್ಷ ಆದ ದಿನ. ಕೌಂಟ್‌ಡೌನ್ 7 ಸೆಕೆಂಡಿನ ಹತ್ರ ಬಂದಾಗ, ಇನ್ನೇನು ಮುಖ್ಯ ಇಂಜಿನ್ನುಗಳು ಹೊತ್ತಿಕೊಳ್ಬೇಕು, ಅಷ್ಟರಲ್ಲಿ ಹಿಂಭಾಗದಲ್ಲಿ ಹೈಡ್ರೋಜನ್ ಜಾಸ್ತಿ ಅಂತ ರೀಡಿಂಗ್ ತೋರಿಸ್ತು, ಕನ್ಸೋಲ್ ಮುಂದೆ ಕೂತಿದ್ದ ಇಂಜಿನಿಯರ್ ನಿಲ್ಲಿಸಿ ಅಂದ್ರು. ಆಮೇಲೆ ನೋಡಿದ್ರೆ ರೀಡಿಂಗೇ ತಪ್ಪು, ಸೋರಿಕೆ ಇರಲಿಲ್ಲ. ಆದ್ರೂ ನಿಲ್ಲಿಸಿದ್ದು ಸರೀನೇ, ಅನುಮಾನ ಬಂದಾಗ ನಿಲ್ಲಿಸಬೇಕು, ಅದರಲ್ಲೂ ಮೇಲೆ ಐದು ಜನ ಕೂತಿರುವಾಗ. ಜುಲೈ 22ಕ್ಕೆ ಸಿಡಿಲು ಮಳೆ ಕಾರಣಕ್ಕೆ ಮತ್ತೆ ಮುಂದಕ್ಕೆ ಹೋಯ್ತು.

ಜುಲೈ 23ಕ್ಕೆ ಹಾರಿದ ಐದೇ ಸೆಕೆಂಡಿಗೆ ಕರೆಂಟ್ ಶಾರ್ಟ್ ಆಯ್ತು. ಸರಕಿನ ಜಾಗದಲ್ಲಿ ಒಂದು ವೈರು ವರ್ಷಗಟ್ಟಲೆ ಒಂದು ಸ್ಕ್ರೂ ತಲೆಯ ಚೂಪು ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಕವಚ ಸವೆದಿತ್ತು. ಶಟಲ್‌ಗೆ ಮೂರು ಮುಖ್ಯ ಇಂಜಿನ್, ಒಂದೊಂದಕ್ಕೂ ಎರಡೆರಡು ಕಂಟ್ರೋಲ್ ಕಂಪ್ಯೂಟರ್, ಒಂದು ಕೈಕೊಟ್ರೆ ಇನ್ನೊಂದಿರಲಿ ಅಂತ. ಈ ಶಾರ್ಟಿಂದ ಮಧ್ಯದ ಇಂಜಿನ್ನಿನ ಒಂದು ಕಂಪ್ಯೂಟರ್, ಬಲಗಡೆ ಇಂಜಿನ್ನಿನ ಒಂದು ಕಂಪ್ಯೂಟರ್ ಆಫ್ ಆದವು. ಉಳಿದವು ತಕ್ಷಣ ಕೆಲಸ ವಹಿಸಿಕೊಂಡವು, ಇಂಜಿನ್ನುಗಳು ಒಂದು ಚೂರೂ ತಡವರಿಸಲಿಲ್ಲ. ಆದ್ರೆ ಅಲ್ಲಿಂದ ಎಂಟೂವರೆ ನಿಮಿಷ ಎರಡು ಇಂಜಿನ್ನುಗಳಿಗೆ ಬದಲಿ ಅನ್ನೋದೇ ಇರಲಿಲ್ಲ.

ಇದೇ ಸಮಯಕ್ಕೆ ಇನ್ನೊಂದು ಸಮಸ್ಯೆ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬಲಗಡೆ ಇಂಜಿನ್ನಿನಲ್ಲಿ ಆಕ್ಸಿಜನ್ ಒಳಬಿಡೋ ಒಂದು ಸಣ್ಣ ಕೊಳವೆ ಹಿಂದೆ ಹಾಳಾಗಿತ್ತು, ಅದನ್ನ ಮುಚ್ಚೋಕೆ ಚಿನ್ನದ ಲೇಪದ ಒಂದು ಪಿನ್ ಜಡಿದಿದ್ರು, ಉದ್ದ ಒಂದಿಂಚಿನಷ್ಟು. ಇಂಜಿನ್ ಹೊತ್ತಿಕೊಂಡಾಗ ಆ ಪಿನ್ ಕಿತ್ತು ಗುಂಡಿನ ವೇಗದಲ್ಲಿ ಹೊರಗೆ ಬಂದು ನಾಜಲ್ (ಇಂಜಿನ್ನಿನ ಬೆಂಕಿ ಹೊರಗೆ ಬರೋ ಗಂಟೆ ಆಕಾರದ ಬಾಯಿ) ಒಳಗೋಡೆಗೆ ಬಡೀತು. ನಾಜಲ್ ಗೋಡೆ ಅಂದ್ರೆ ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳ ಸಾಲು, ಅದರೊಳಗೆ ತಣ್ಣನೆ ಹೈಡ್ರೋಜನ್ ಹರೀತಾ ನಾಜಲ್ ಕರಗದ ಹಾಗೆ ಕಾಪಾಡುತ್ತೆ. ಅದರಲ್ಲಿ ಮೂರು ಕೊಳವೆ ಒಡೆದು ಹೈಡ್ರೋಜನ್ ಸೋರೋಕೆ ಶುರುವಾಯ್ತು. ಇನ್ನೂ ಒಂದೆರಡು ಒಡೆದಿದ್ರೆ ಕಥೆ ಬೇರೆ ಆಗ್ತಿತ್ತು.

ಅಂದ್ರೆ ನೋಡಿ, ಬಲಗಡೆ ಇಂಜಿನ್ನು ಒಂದೇ ಕಂಪ್ಯೂಟರಿನ ಮೇಲೆ ಓಡ್ತಿದೆ, ಸಾಲದ್ದಕ್ಕೆ ಸೋರ್ತಾನೂ ಇದೆ. ಸೋರಿಕೆಯನ್ನ ಸರಿದೂಗಿಸೋಕೆ ಅದು ಆಕ್ಸಿಜನ್ ಜಾಸ್ತಿ ಕುಡೀತು, ಕೊನೇಲಿ ಆಕ್ಸಿಜನ್ ಲೆಕ್ಕಕ್ಕಿಂತ ಸ್ವಲ್ಪ ಮೊದಲೇ ಖಾಲಿ ಆಗಿ ಇಂಜಿನ್ನುಗಳು ತಾವಾಗೇ ನಿಂತವು. ಬೇಕಾಗಿದ್ದ ವೇಗಕ್ಕಿಂತ ಸೆಕೆಂಡಿಗೆ ಸುಮಾರು 5 ಮೀಟರ್ ಕಮ್ಮಿ. ಸೆಕೆಂಡಿಗೆ ಏಳು ಕಿಲೋಮೀಟರ್ ಮೇಲೆ ಹೋಗೋ ವಾಹನಕ್ಕೆ ಅದು ದೊಡ್ಡ ಲೆಕ್ಕ ಅಲ್ಲ, ಶಟಲ್‌ನ ಸಣ್ಣ ಇಂಜಿನ್ನುಗಳಿಂದ ಸರಿ ಮಾಡ್ಕೊಂಡ್ರು.

ಒಂದು ಇಂಜಿನ್ ಶುರುವಿನಲ್ಲೇ ನಿಂತಿದ್ರೆ?

ಆಗ ವಾಪಸ್ ತಿರುಗಿ ಕೆನಡಿ ರನ್‌ವೇಗೇ ಬರೋ ಒಂದು ವಿಧಾನ ಇತ್ತು. ಶಟಲ್ ಇತಿಹಾಸದಲ್ಲಿ ಅದನ್ನ ಯಾರೂ ನಿಜವಾಗಿ ಮಾಡಿರಲಿಲ್ಲ, ಸಿಮ್ಯುಲೇಟರಲ್ಲಿ ಮಾತ್ರ. ಅದೂ ಹೊಟ್ಟೆ ತುಂಬ ಅತೀ ಭಾರದ ಸರಕು ಇಟ್ಕೊಂಡು, ಒಳಗೆ ತುಂಬಿದ ಘನ ಇಂಧನದ ರಾಕೆಟ್ ಇಟ್ಕೊಂಡು. ಕಾಲಿನ್ಸ್ ಮತ್ತು ಆಶ್ಬಿ ಅದಕ್ಕೆಲ್ಲ ತಯಾರಾಗಿದ್ರು, ತಯಾರಿ ಇದ್ದಿದ್ದಕ್ಕೇ ಶಾರ್ಟ್ ಆದ ತಕ್ಷಣ ಗಾಬರಿ ಇಲ್ಲದೆ ಒಂದೊಂದೇ ಚೆಕ್ ಮಾಡ್ಕೊಂಡು ಹೋದ್ರು. ಕಮಾಂಡರ್ ಹೆಣ್ಣು ಅಂತ ಆ ಮಿಷನ್ನಿನ ಸುದ್ದಿಯಲ್ಲಿ ಬರೀ ಅದೇ ಬಂತು, ಅವರು ಆ ಎಂಟೂವರೆ ನಿಮಿಷ ಎಷ್ಟು ಚೆನ್ನಾಗಿ ಕೆಲಸ ಮಾಡಿದ್ರು ಅನ್ನೋದು ಅದರ ಅರ್ಧದಷ್ಟೂ ಬರಲಿಲ್ಲ ಅನ್ನೋದು ನನಗೆ ಈಗಲೂ ಬೇಜಾರಿನ ವಿಷಯ.

ಇಳಿದ ಮೇಲೆ ಎಲ್ಲಾ ಶಟಲ್‌ಗಳನ್ನೂ ನಿಲ್ಲಿಸಿ ವೈರಿಂಗ್ ಪೂರ್ತಿ ತಪಾಸಣೆ ಮಾಡಿದ್ರು, ಮುಂದಿನ ಶಟಲ್ ಹಾರಿದ್ದು ಡಿಸೆಂಬರ್‌ನಲ್ಲಿ.

ಕೊಲಂಬಿಯಾ ಅಂದ್ರೆ ಕಲ್ಪನಾ ಚಾವ್ಲಾ ತೀರಿಕೊಂಡ ಅದೇ ಶಟಲ್ಲಾ?

ಹೌದು, ಅದೇ. 2003 ಫೆಬ್ರವರಿ 1ಕ್ಕೆ ವಾಪಸ್ ಬರುವಾಗ ಒಡೆದುಹೋಯ್ತು, ಕಲ್ಪನಾ ಸೇರಿ ಏಳು ಜನ ಹೋದ್ರು. ಅದಕ್ಕೆ ಕಾರಣ ಈ ವೈರು ಪಿನ್ನು ಅಲ್ಲ, ಹಾರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡು ಬಿದ್ದು ಎಡ ರೆಕ್ಕೆಯ ಅಂಚು ಒಡೆದಿದ್ದು. ಎರಡನ್ನೂ ಸೇರಿಸಿ ಬರೆಯೋರು ಇದಾರೆ, ಹಾಗೆ ಮಾಡಬೇಡಿ.

ಕಲ್ಪನಾ ಅವರ ಮೊದಲ ಪ್ರಯಾಣ 1997ರದ್ದು, ಅದೂ ಕೊಲಂಬಿಯಾದಲ್ಲೇ. ಆಗ ಸೂರ್ಯನನ್ನ ನೋಡೋ ಸ್ಪಾರ್ಟನ್ ಅನ್ನೋ ಚಿಕ್ಕ ಉಪಗ್ರಹವನ್ನ ರೋಬೋಟ್ ತೋಳಿಂದ ಹೊರಗೆ ಬಿಟ್ಟಿದ್ದು ಅವರೇ. ಅದು ಸರಿಯಾಗಿ ಕೆಲಸ ಶುರು ಮಾಡದೆ ತಿರುಗೋಕೆ ಶುರುವಾಗಿ, ಕೊನೆಗೆ ಇಬ್ಬರು ಸಹ ಗಗನಯಾತ್ರಿಗಳು ಹೊರಗೆ ಹೋಗಿ ಕೈಯಲ್ಲೇ ಹಿಡಿದು ತಂದ್ರು. ಇನ್ನೊಂದು ವಿಷಯ, ಚಂದ್ರಾ ಬಿಟ್ಟು ಬಂದ ಮೇಲೆ ಕೊಲಂಬಿಯಾ ಹಾರಿದ್ದು 2002ರ ಮಾರ್ಚ್‌ನಲ್ಲಿ, ಹಬಲ್ ರಿಪೇರಿಗೆ. ಅದಾದ್ಮೇಲೆ ಆ ಕೊನೇ ಪ್ರಯಾಣ. ಕೊಲಂಬಿಯಾ ಅಂದ್ರೆ ಜನಕ್ಕೆ ಆ ದುರಂತ ಒಂದೇ ನೆನಪಾಗುತ್ತೆ, ಖಗೋಳ ವಿಜ್ಞಾನಕ್ಕೆ ಅದು ಮಾಡಿಕೊಟ್ಟ ಕೆಲಸನೂ ನೆನಪಿಟ್ಕೊಬೇಕು ಅಂತ ನನ್ನ ಆಸೆ.

ಒಂದು ಟೆಲಿಸ್ಕೋಪ್ ಬಿಡೋಕೆ ಐದು ಜನರ ಜೀವ ಪಣಕ್ಕಿಡಬೇಕಿತ್ತಾ?

ಇದು ಒಳ್ಳೆ ಪ್ರಶ್ನೆ. ಪ್ಲಾನ್ ಮಾಡಿದ ಕಾಲದಲ್ಲಿ ನಾಸಾ ಎಲ್ಲವನ್ನೂ ಶಟಲ್ಲಲ್ಲೇ ಕಳಿಸೋದು ಅಂತ ಹೊರಟಿತ್ತು, ಟೆಲಿಸ್ಕೋಪುಗಳನ್ನೂ ಶಟಲ್ ಅಳತೆಗೇ ಕಟ್ಟಿದ್ರು. ರಿಪೇರಿ ಬೇಡ ಅಂತ ಆದ ಮೇಲೂ ಲಾಂಚ್ ಮಾತ್ರ ಶಟಲ್ಲಲ್ಲೇ ಉಳೀತು.

ಮನುಷ್ಯರಿದ್ದಿದ್ದು ಕೆಲಸಕ್ಕೆ ಬಂದ ಉದಾಹರಣೆ ಇದೆ. 1991ರ ಏಪ್ರಿಲ್‌ನಲ್ಲಿ ಅಟ್ಲಾಂಟಿಸ್ ಶಟಲ್ ಕಾಂಪ್ಟನ್ ಅನ್ನೋ ಗಾಮಾ ಕಿರಣ ಟೆಲಿಸ್ಕೋಪ್ ತಗೊಂಡು ಹೋಗಿತ್ತು, 17 ಟನ್ನಿಂದು. ಅದರ ಆಂಟೆನಾ ಬಿಚ್ಚಿಕೊಳ್ಳಲೇ ಇಲ್ಲ, ಕೆಳಗಿಂದ ಎಷ್ಟು ಕಮಾಂಡ್ ಕಳಿಸಿದ್ರೂ ಆಗಲಿಲ್ಲ. ಜೆರ್ರಿ ರಾಸ್ ಮತ್ತು ಜೇ ಆಪ್ಟ್ ಹೊರಗೆ ಹೋಗಿ ಕೈಯಿಂದ ಅಲ್ಲಾಡಿಸಿ ತಳ್ಳಿ ಬಿಡಿಸಿದ್ರು. ಪ್ಲಾನಲ್ಲಿ ಇಲ್ಲದ ಸ್ಪೇಸ್‌ವಾಕ್ ಅದು. ಅವರಿಲ್ದೇ ಇದ್ರೆ ಆ ಟೆಲಿಸ್ಕೋಪಿನ ಕಥೆ ಅಲ್ಲಿಗೇ ಮುಗೀತಿತ್ತು. ಚಂದ್ರಾ ಮಿಷನ್ನಲ್ಲೂ ಆ ಎತ್ತೋ ಚೌಕಟ್ಟು ಕೈಕೊಟ್ರೆ ಹೊರಗೆ ಹೋಗಿ ಸರಿಮಾಡೋಕೆ ತರಬೇತಿ ಆಗಿತ್ತು, ಅದೃಷ್ಟಕ್ಕೆ ಬೇಕಾಗಲಿಲ್ಲ.

ಆದ್ರೂ ಈಗ ಕೇಳಿದ್ರೆ ನಾನು ಬೇಡ ಅಂತೀನಿ. ಹೋಗಿ ಬಿಡೋ ಕೆಲಸಕ್ಕೆ ಮನುಷ್ಯರು ಬೇಕಿಲ್ಲ, ಜೇಮ್ಸ್ ವೆಬ್ 2021ರ ಡಿಸೆಂಬರ್ 25ಕ್ಕೆ ಯಾರೂ ಇಲ್ಲದ ಏರಿಯಾನ್ ರಾಕೆಟ್ಟಲ್ಲಿ ಹೋಗಿ ತಾನೇ ಬಿಚ್ಚಿಕೊಂಡು ನಿಂತಿದೆ. ರಿಪೇರಿ ಬೇರೆ ಮಾತು, ಹಬಲ್ ಇವತ್ತಿಗೂ ಬದುಕಿರೋದು ಮನುಷ್ಯರ ಕೈಯಿಂದ. ಹಾಗಂತ ಆ ಐದು ಜನ ಮಾಡಿದ್ದು ಕಡಿಮೆ ಆಗಲ್ಲ, ಆಗಿನ ಕಾಲಕ್ಕೆ ಇದ್ದ ದಾರಿ ಅದು, ಅವರು ಅಪಾಯ ಗೊತ್ತಿದ್ದೇ ಹೋದ್ರು.

ಬಿಟ್ಟ ಮೇಲೆ ಮಿಕ್ಕ ದಿನ ಏನು ಮಾಡಿದ್ರು?

ಪ್ರಯೋಗಗಳು. ಗಿಡ ಬೆಳೆಸೋದು, ಶಾಲೆಗಳ ಜೊತೆ ಹ್ಯಾಮ್ ರೇಡಿಯೋ ಮಾತು, ಒಂದು ಚಿಕ್ಕ ಅಲ್ಟ್ರಾವಯಲೆಟ್ ಟೆಲಿಸ್ಕೋಪಿಂದ ಕಿಟಕಿಯಲ್ಲಿ ಗ್ರಹಗಳನ್ನ ನೋಡಿದ್ದು. ಜುಲೈ 27ರ ರಾತ್ರಿ 11:20ಕ್ಕೆ ಕೆನಡಿಯಲ್ಲೇ ಇಳಿದ್ರು.

ಚಂದ್ರಾ ಮೊದಲು ಏನು ನೋಡ್ತು? ಶುರುವಲ್ಲಿ ತೊಂದರೆ ಆಗಿತ್ತಂತೆ?

ಆಗಸ್ಟ್ ಕೊನೇ ವಾರ ಮೊದಲ ಚಿತ್ರ ಹೊರಗೆ ಬಂತು, ಕ್ಯಾಸಿಯೋಪಿಯಾ ಎ, ಸಿಡಿದುಹೋದ ನಕ್ಷತ್ರದ ಅವಶೇಷ, ಸುಮಾರು 11,000 ಜ್ಯೋತಿರ್ವರ್ಷ ದೂರ. ಚಿತ್ರದ ಹೆಚ್ಚುಕಮ್ಮಿ ಮಧ್ಯದಲ್ಲಿ ಒಂದು ಚುಕ್ಕೆ ಇತ್ತು. ಆ ಸ್ಫೋಟ ಬಿಟ್ಟುಹೋದ ನಕ್ಷತ್ರದ ತಿರುಳು ಎಲ್ಲಿ ಅಂತ ವರ್ಷಗಟ್ಟಲೆ ಹುಡುಕ್ತಿದ್ರು, ಮೊದಲನೇ ಚಿತ್ರದಲ್ಲೇ ಸಿಕ್ಕಿಬಿಡ್ತು, ಅದು ನ್ಯೂಟ್ರಾನ್ ನಕ್ಷತ್ರ, ಅಂದ್ರೆ ಶ್ವೇತ ಕುಬ್ಜಕ್ಕಿಂತಲೂ ಜಾಸ್ತಿ ಕುಸಿದು ಗಟ್ಟಿಯಾದದ್ದು. ಕುಸಿದ ನಕ್ಷತ್ರಗಳ ಲೆಕ್ಕ ಹಾಕಿದವರ ಹೆಸರಿನ ಟೆಲಿಸ್ಕೋಪ್ ಮೊದಲು ತೋರಿಸಿದ್ದೇ ಅದನ್ನ.

ತೊಂದರೆ ಆಗಿದ್ದೂ ನಿಜ. ವಿಕಿರಣ ಪಟ್ಟಿ ದಾಟುವಾಗ ಕಡಿಮೆ ಶಕ್ತಿಯ ಪ್ರೋಟಾನುಗಳೂ ಆ ಕನ್ನಡಿಗಳಲ್ಲಿ ಸವರಿಕೊಂಡು ನೇರ ಕ್ಯಾಮೆರಾ ಮೇಲೇ ಬೀಳ್ತಿದ್ವು, ಅದನ್ನ ಯಾರೂ ಎಣಿಸಿರಲಿಲ್ಲ. ಗೊತ್ತಾಗೋ ಅಷ್ಟೊತ್ತಿಗೆ ಕ್ಯಾಮೆರಾದಲ್ಲಿ ಚಿತ್ರ ಹಿಡಿಯೋ ಕೆಲವು ಸಿಸಿಡಿ ಚಿಪ್‌ಗಳಿಗೆ ಪೆಟ್ಟಾಗಿತ್ತು. ಆಗ ಮಾಡಿದ ಉಪಾಯ ಸರಳ, ಆ ಪಟ್ಟಿ ದಾಟೋವಾಗೆಲ್ಲ ಕ್ಯಾಮೆರಾನ ಫೋಕಸ್ಸಿಂದ ಪಕ್ಕಕ್ಕೆ ಸರಿಸಿಡೋದು. ಇವತ್ತಿಗೂ ಪ್ರತೀ ಸುತ್ತಲ್ಲೂ ಹಾಗೇ ಮಾಡ್ತಾರೆ. ರಿಪೇರಿಗೆ ಹೋಗೋಕಾಗದ ಯಂತ್ರವನ್ನ ಬರೀ ಬುದ್ಧಿಯಿಂದ ಉಳಿಸಿಕೊಂಡ್ರು, ನನಗೆ ಇದು ಲಾಂಚಿನಷ್ಟೇ ದೊಡ್ಡ ಕೆಲಸ ಅನ್ಸುತ್ತೆ.

ಇಷ್ಟು ವರ್ಷದಲ್ಲಿ ಮುಖ್ಯವಾಗಿ ಏನು ಕಂಡುಹಿಡಿದಿದೆ?

ಪಟ್ಟಿ ಮಾಡಿದ್ರೆ ಮುಗಿಯಲ್ಲ, ನನಗೆ ಇಷ್ಟವಾದವು ಹೇಳ್ತೀನಿ. 2006ರಲ್ಲಿ ಬುಲೆಟ್ ಕ್ಲಸ್ಟರ್ ಅಂತ, ಎರಡು ಗ್ಯಾಲಕ್ಸಿ ಗುಂಪು ಒಂದಕ್ಕೊಂದು ಗುದ್ದಿದ ಜಾಗ. ಬಿಸಿ ಅನಿಲ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿರೋದನ್ನ ಚಂದ್ರಾ ತೋರಿಸ್ತು, ತೂಕ ಎಲ್ಲಿದೆ ಅಂತ ಬೇರೆ ಟೆಲಿಸ್ಕೋಪುಗಳಿಂದ ಅಳೆದಾಗ ಬಹುಪಾಲು ತೂಕ ಅನಿಲ ಇರೋ ಜಾಗದಲ್ಲಿ ಇಲ್ಲ, ಎರಡೂ ಪಕ್ಕಕ್ಕೆ ದಾಟಿ ಹೋಗಿದೆ. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಆದ್ರೆ ತೂಕ ಇರೋ ವಸ್ತು) ಅನ್ನೋದು ಇದೆ ಅನ್ನೋದಕ್ಕೆ ಇಷ್ಟು ನೇರವಾದ ಸಾಕ್ಷಿ ಅದಕ್ಕೂ ಮೊದಲು ಇರಲಿಲ್ಲ. ನಮ್ಮದೇ ಗ್ಯಾಲಕ್ಸಿ ಮಧ್ಯದ ಬ್ಲ್ಯಾಕ್ ಹೋಲ್ ಹತ್ರ ಆಗಾಗ ಎಕ್ಸ್‌ರೇ ಭುಗಿಲೇಳೋದನ್ನ ಕಂಡಿದ್ದೂ ಇದೇ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ ಸೇರಿ ಗುರುತ್ವ ಅಲೆ ಬಂತಲ್ಲ, ಒಂಬತ್ತು ದಿನ ಆದ್ಮೇಲೆ ಆ ಜಾಗದಿಂದ ಬಂದ ಎಕ್ಸ್‌ರೇ ಹಿಡಿದಿದ್ದು ಚಂದ್ರಾ. 2023ರಲ್ಲಿ ವೆಬ್ ಜೊತೆ ಸೇರಿ ವಿಶ್ವ ತೀರಾ ಎಳೇದಿದ್ದಾಗಿನ ಒಂದು ಬ್ಲ್ಯಾಕ್ ಹೋಲ್ ಹುಡುಕಿದ್ದಾರೆ.

ಫೋಟೋದಲ್ಲಿರೋ ಬಣ್ಣ ನಿಜವಾದದ್ದಾ?

ಅಲ್ಲ. ಎಕ್ಸ್‌ರೇಗೆ ನಮ್ಮ ಕಣ್ಣಿಗೆ ಕಾಣೋ ಬಣ್ಣ ಇಲ್ಲ. ಕಡಿಮೆ ಶಕ್ತಿ, ಮಧ್ಯಮ, ಜಾಸ್ತಿ ಅಂತ ವಿಂಗಡಿಸಿ ಸಾಮಾನ್ಯವಾಗಿ ಕೆಂಪು ಹಸಿರು ನೀಲಿ ಕೊಡ್ತಾರೆ. ಸುಳ್ಳಲ್ಲ, ಮಾಹಿತಿ ಇದೆ ಅದ್ರಲ್ಲಿ.

ನಮ್ಮೂರಿಂದ ಕಾಣುತ್ತಾ?

ಚಂದ್ರಾ ಬರಿಗಣ್ಣಿಗೆ ಕಾಣಲ್ಲ, ತುಂಬಾ ದೂರ. ಹಬಲ್ ಕಾಣುತ್ತೆ. ಅದರ ದಾರಿ ಭೂಮಧ್ಯ ರೇಖೆಯಿಂದ 28.5 ಡಿಗ್ರಿ ಓರೆ ಇರೋದ್ರಿಂದ ಕರ್ನಾಟಕದ ನೆತ್ತಿ ಮೇಲೇ ಹಾದುಹೋಗುತ್ತೆ, ಯುರೋಪಿನ ಬಹಳ ಊರುಗಳಿಗೆ ಆ ಅದೃಷ್ಟ ಇಲ್ಲ. ಸಂಜೆ ಕತ್ತಲಾಗ್ತಿದ್ದ ಹಾಗೆ ಅಥವಾ ಬೆಳಗಿನ ಜಾವ, ಮಿನುಗದೆ ಸಾಗೋ ಚುಕ್ಕೆ, ಸಮಯ ಹೇಳೋ ಆ್ಯಪ್‌ಗಳಿವೆ.

ಭಾರತದ್ದು ಇಂಥದ್ದು ಇದೆಯಾ?

ಇದೆ. ಆಸ್ಟ್ರೋಸ್ಯಾಟ್, 2015ರ ಸೆಪ್ಟೆಂಬರ್ 28ಕ್ಕೆ ಶ್ರೀಹರಿಕೋಟಾದಿಂದ ಹೋಗಿದ್ದು, ಎಕ್ಸ್‌ರೇ ಮತ್ತು ಅಲ್ಟ್ರಾವಯಲೆಟ್ ಎರಡನ್ನೂ ಒಟ್ಟಿಗೆ ನೋಡುತ್ತೆ. ಅಲ್ಟ್ರಾವಯಲೆಟ್ ಟೆಲಿಸ್ಕೋಪಿನ ಕೆಲಸಕ್ಕೆ ಮುಂದಾಳತ್ವ ವಹಿಸಿದ್ದು ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಬೆಂಗಳೂರಿನ ಹೊರಗೆ ಬ್ಯಾಲಾಳು ಊರಲ್ಲಿ ಇಸ್ರೋದ ದೊಡ್ಡ ಆಂಟೆನಾಗಳು, ಡೇಟಾ ಸೆಂಟರ್ ಇವೆ, ಆ ಡೇಟಾ ಅಲ್ಲಿಗೆ ಬರುತ್ತೆ. 2024ರ ಜನವರಿ 1ಕ್ಕೆ ಎಕ್ಸ್‌ಪೋಸ್ಯಾಟ್ ಹೋಯ್ತು, ಅದರ ಮುಖ್ಯ ಉಪಕರಣ ಪೋಲಿಕ್ಸ್ ಕಟ್ಟಿದ್ದು ಮೇಲೆ ಹೇಳಿದ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಚಿಕ್ಕಪ್ಪ ಕಟ್ಟಿದ ಸಂಸ್ಥೆ, ಅಣ್ಣನ ಮಗ ತೆರೆದ ವಿಷಯ. ಇವೆರಡೂ ಮನುಷ್ಯರಿಲ್ಲದ ಪಿಎಸ್‌ಎಲ್‌ವಿಯಲ್ಲಿ ಹೋಗಿದ್ದು. ಚಂದ್ರಾದಷ್ಟು ಸ್ಪಷ್ಟ ಚಿತ್ರ ಇವು ಕೊಡಲ್ಲ, ಆದ್ರೆ ಇವು ಮಾಡೋ ಕೆಲಸವೇ ಬೇರೆ, ಹೋಲಿಸೋದು ಸರಿಯಲ್ಲ.

ಚಂದ್ರಾದ ಡೇಟಾ ನಾನು ಬಳಸಬಹುದಾ?

ಬಳಸಬಹುದು, ದುಡ್ಡು ಕೊಡಬೇಕಿಲ್ಲ. ಮಸಾಚುಸೆಟ್ಸ್‌ನ ಕೇಂಬ್ರಿಡ್ಜಲ್ಲಿರೋ ಚಂದ್ರಾ ಎಕ್ಸ್‌ರೇ ಸೆಂಟರ್ ಇದನ್ನ ನಡೆಸುತ್ತೆ, ಹಳೇ ಡೇಟಾ ಎಲ್ಲ ಅವರ ಆರ್ಕೈವಲ್ಲಿ ಬಿಟ್ಟಿದ್ದಾರೆ, ಸಾಫ್ಟ್‌ವೇರ್ ಕೂಡ ಉಚಿತ. ಟೆಲಿಸ್ಕೋಪನ್ನ ಇಂಥ ಕಡೆ ತಿರುಗಿಸಿ ಅಂತ ಪ್ರಸ್ತಾವ ಕಳಿಸೋಕೆ ಯಾವ ದೇಶದವರಿಗೂ ಅವಕಾಶ ಇದೆ, ವರ್ಷಕ್ಕೊಮ್ಮೆ ಕರೀತಾರೆ, ಆದ್ರೆ ಇರೋ ಸಮಯಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅರ್ಜಿ ಬರುತ್ತೆ. ಎಂಎಸ್ಸಿ ಫಿಸಿಕ್ಸ್ ಹುಡುಗರು ಹುಡುಗಿಯರು ಪ್ರಾಜೆಕ್ಟಿಗೆ ವಿಷಯ ಹುಡುಕ್ತಾ ಇದ್ರೆ ಈ ಆರ್ಕೈವ್ ನೋಡಿ ಅಂತ ನಾನು ಜೋರಾಗೇ ಹೇಳ್ತೀನಿ.

ಇನ್ನೆಷ್ಟು ದಿನ ಬಾಳುತ್ತೆ?

ಪ್ಲಾನ್ ಇದ್ದಿದ್ದು ಐದು ವರ್ಷಕ್ಕೆ. 2024ರ ಜುಲೈಗೆ 25 ತುಂಬಿತು. ಹೊರಗಿನ ಶಾಖ ತಡೆಯೋ ಹೊದಿಕೆ ಹಳೇದಾಗಿ ಬಿಸಿ ಏರುತ್ತೆ, ಅದಕ್ಕೆ ಒಂದೇ ದಿಕ್ಕಿಗೆ ಬಹಳ ಹೊತ್ತು ನಿಲ್ಲಿಸೋಕಾಗಲ್ಲ, ಸಮಯ ತುಂಡು ತುಂಡು ಮಾಡಿ ನೋಡ್ತಾರೆ. ಯಂತ್ರಕ್ಕಿಂತ ದೊಡ್ಡ ಅಪಾಯ ದುಡ್ಡಿಂದು, 2024ರಲ್ಲಿ ಬಜೆಟ್ ತೀರಾ ಕಡಿಮೆ ಮಾಡೋ ಪ್ರಸ್ತಾವ ಬಂದಾಗ ಪ್ರಪಂಚದ ಖಗೋಳ ವಿಜ್ಞಾನಿಗಳೆಲ್ಲ ಒಟ್ಟಾಗಿ ವಿರೋಧ ಮಾಡಿದ್ರು. ಕೆಲಸ ಮಾಡ್ತಿರೋ, ಬದಲಿ ಇಲ್ಲದ ಯಂತ್ರವನ್ನ ದುಡ್ಡಿಗೋಸ್ಕರ ಆಫ್ ಮಾಡೋದು ತಪ್ಪು ಅಂತ ನಾನೂ ಹೇಳ್ತೀನಿ. ಇಷ್ಟೇ ಸ್ಪಷ್ಟವಾಗಿ ಎಕ್ಸ್‌ರೇ ನೋಡೋ ಇನ್ನೊಂದು ಟೆಲಿಸ್ಕೋಪ್ ಈಗ ಮೇಲಿಲ್ಲ. ಆಕ್ಸಿಸ್ ಅನ್ನೋ ಒಂದನ್ನ 2024ರ ಅಕ್ಟೋಬರ್‌ನಲ್ಲಿ ನಾಸಾ ಅಧ್ಯಯನಕ್ಕೆ ಆರಿಸಿತು, ಅದು ಅಂತಿಮ ಆಯ್ಕೆ ಆದ್ರೂ ಹಾರೋದು 2032ಕ್ಕೆ ಅಂತ ಆಗಿನ ಲೆಕ್ಕ.